ಸೀಟಿ ತಗೊಂಡಿದ್ದೀನಿ ಸ್ವಾಮಿ, ಮುಂದೇನು?

ವಿಪತ್ತಿಗೆ ಮನೆಯನ್ನು ಸಜ್ಜುಮಾಡಿಕೊಳ್ಳುವುದು ಹೇಗೆ ಎಂದು ಕರಪತ್ರ ಬರೆದ ಮಹನೀಯರಿಗೆ,

ಕರಪತ್ರದಲ್ಲಿ ಅದನ್ನು ಬಿಡುಗಡೆ ಮಾಡಿದವರ ಫೋಟೊ ಇದೆ, ಬರೆದವರ ಹೆಸರಿಲ್ಲ. ಹಾಗಾಗಿ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಯಿತು. ನಿನ್ನೆ ಬೆಳಿಗ್ಗೆ ಏಳರ ಬಸ್ಸಿಗೆ ಪೇಟೆಗೆ ಹೋಗಿ, ಸಂಜೆ ಐದೂವರೆ ಬಸ್ಸಿಗೆ ಒದ್ದೆ ಚಪ್ಪಲಿಯಲ್ಲಿ ವಾಪಸ್ ಬಂದವನು ನಾನು. ಹೋದ ಕೆಲಸ ಆಗಲಿಲ್ಲ. ಚಪ್ಪಲಿ ಒಣಗಿಲ್ಲ, ಸಿಟ್ಟೂ ಆರಿಲ್ಲ.

ನಿಮ್ಮ ಪಟ್ಟಿಯನ್ನು ನಾವು ಅಕ್ಷರಶಃ ಪಾಲಿಸಿದ್ದೇವೆ. ಟಾರ್ಚು, ಸೆಲ್ಲು, ರೇಡಿಯೊ, ಬೆಂಕಿಪೊಟ್ಟಣ, ಹಗ್ಗ, ಅಮ್ಮನ ಬಿಪಿ ಮಾತ್ರೆ, ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ಪಹಣಿ, ಪಾಸ್‌ಬುಕ್ಕು. ಕೊನೆಯಲ್ಲಿ ‘ಸೀಟಿ – 1’. ಪೇಟೆಯಲ್ಲಿ ಆಟದ ಸಾಮಾನಿನ ಅಂಗಡಿಯಲ್ಲಿ ಕೇಳಿದೆ. ‘ಮೊಮ್ಮಗನಿಗಾ?’ ಎಂದ. ‘ಅಲ್ಲ, ನನಗೇ, ಗುಡ್ಡ ಕುಸಿದರೆ ಊದೋದಕ್ಕೆ’ ಎಂದೆ. ಆಮೇಲೆ ಅವನು ನನ್ನ ಮುಖ ನೋಡದೆ ಚಿಲ್ಲರೆ ಕೊಟ್ಟ.

‘ಮೂರು ದಿನಕ್ಕಾಗುವಷ್ಟು ಒಣ ಆಹಾರ’ ಎಂದು ಓದಿದ್ದೇ ಅಮ್ಮ ನಕ್ಕಳು. ಅವಳಿಗೆ ಎಂಬತ್ನಾಲ್ಕು. ‘ಮೂರು ದಿನ ಅಂದ್ರೆ ಯಾರದ್ದೋ ಮದುವೆಗೆ ಹೊರಟ ಹಾಗಾಯ್ತಲ್ಲೋ’ ಎಂದಳು. ಸ್ವಾಮಿ, ಇದು ಮಲೆನಾಡು. ಇಲ್ಲಿ ಮೃಗಶಿರ ಮಳೆ ಹಿಡಿಯುವ ಮುಂಚೆಯೇ ಅಟ್ಟ ತುಂಬಬೇಕು: ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಭರಣಿಯಲ್ಲಿ ಮಿಡಿ. ಕೊಟ್ಟಿಗೆಯ ಪಕ್ಕ ಸೂರಿನವರೆಗೆ ಒಣ ಕಟ್ಟಿಗೆ. ಸಂಕ ಕೊಚ್ಚಿಹೋಗಿ ತಿಂಗಳುಗಟ್ಟಲೆ ಪೇಟೆಯ ಮುಖ ಕಾಣದ ಕಾಲದಲ್ಲಿ ಅವಳು ಸಂಸಾರ ಮಾಡಿದ್ದಾಳೆ. ಆ ಹೆಂಗಸಿಗೆ ನೀವು ಬಿಸ್ಕತ್ತು ಇಟ್ಟುಕೊಳ್ಳಲು ಹೇಳಿದ್ದೀರಿ. ಇಟ್ಟಿದ್ದೇವೆ. ಸೀಟಿಯ ಪಕ್ಕದಲ್ಲೇ ಇದೆ.

ಸುಳ್ಳು ಹೇಳಬಾರದು. ಬಾವಿ ಕೆಂಪಾದಾಗ ನೀರು ಕುದಿಸಿ ಕುಡಿಯಿರಿ ಎಂದದ್ದು ಸರಿ. ಕರೆಂಟಿನ ಮೇನ್ ಸ್ವಿಚ್ ಎಲ್ಲಿದೆ ಎಂದು ಮನೆಮಂದಿಗೆಲ್ಲ ಗೊತ್ತಿರಲಿ ಎಂದದ್ದೂ ಸರಿ. ಆದರೆ ನಮ್ಮಲ್ಲಿ ಆರಿದ್ರೆ ಶುರುವಾದರೆ ಸ್ವಿಚ್ಚಿಗೆ ಕೈ ಹಾಕುವ ಪ್ರಮೇಯವೇ ಬರುವುದಿಲ್ಲ, ಕರೆಂಟು ತಾನಾಗಿಯೇ ಹೋಗಿರುತ್ತದೆ.

‘ತುರ್ತಿಗೆ 112ಕ್ಕೆ ಕರೆ ಮಾಡಿ.’ ಮಾಡುತ್ತೇವೆ. ಕರೆಂಟು ಹೋದ ಮೇಲೆ ಟವರು ಜನರೇಟರಿನಲ್ಲಿ ನಿಂತಿರುತ್ತದೆ. ಡೀಸೆಲ್ ಮುಗಿದ ಮೇಲೆ ಸುಮ್ಮನೆ ನಿಂತಿರುತ್ತದೆ. ಆಮೇಲೆ ಒಂದು ಕಡ್ಡಿ ಸಿಗ್ನಲ್ಲಿಗೆ ನಾವು ಗುಡ್ಡದ ನೆತ್ತಿಗೆ ಹೋಗಬೇಕು. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳೆಲ್ಲ ಎಚ್ಚರಿಕೆಯ ಪರೀಕ್ಷೆಗೆಂದು ಒಮ್ಮೆ ಕಿರುಚಿದವಲ್ಲ, ಅವತ್ತು ನಾನು ಪೇಟೆಯಲ್ಲಿದ್ದೆ, ಅದಕ್ಕೇ ಗೊತ್ತಾಯಿತು. ಮನೆಯಲ್ಲಿದ್ದವರಿಗೆ ನಾನೇ ಬಂದು ಹೇಳಿದೆ. ಗುಡ್ಡ ಕುಸಿಯುತ್ತದೆ ಎಂಬ ಎಚ್ಚರಿಕೆ ಪಡೆಯಲು ಅದೇ ಗುಡ್ಡ ಹತ್ತಬೇಕಾದ ಪ್ರಜೆಗಳು ನಾವು.

ಇದೆಲ್ಲ ಹಾಳಾಗಲಿ. ನನ್ನ ತಕರಾರು ಕರಪತ್ರದ ಹಿಂಬದಿಯದ್ದು. ಅಲ್ಲಿ ಸಣ್ಣ ಅಕ್ಷರದಲ್ಲಿ ಭೂಕುಸಿತದ ಮುನ್ಸೂಚನೆಗಳಿವೆ. ನೆಲದಲ್ಲಿ ಬಿರುಕು, ಮರ ವಾಲುವುದು, ಒರತೆಯ ನೀರು ಕೆಸರಾಗುವುದು, ಇಲ್ಲದ ಕಡೆ ಜಲ ಏಳುವುದು, ಬಾಗಿಲು ಬಿಗಿಯಾಗುವುದು. ಬಾಗಿಲಿನ ಮಾತು ಬಿಡಿ, ಮಳೆಗಾಲದಲ್ಲಿ ಬಿಗಿಯಾಗದ ಬಾಗಿಲು ಮಲೆನಾಡಿನಲ್ಲೇ ಇಲ್ಲ. ಮಿಕ್ಕ ನಾಲ್ಕೂ ನಮ್ಮ ಮನೆಯ ಹಿಂದೆ ಇವೆ. ಐದು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಜೆಸಿಬಿಯಲ್ಲಿ ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದು, ತಡೆಗೋಡೆ ಮುಂದಿನ ಬಿಲ್ಲಿನಲ್ಲಿ ಎಂದು ಹೋದವರು ಇನ್ನೂ ಬಂದಿಲ್ಲ. ಆ ಧರೆಯ ನೆತ್ತಿಯಲ್ಲಿ ಆರಿದ್ರೆಯ ಎರಡನೇ ಪಾದಕ್ಕೆ ಕೈ ತೂರುವಷ್ಟು ಬಿರುಕು ಬಿಟ್ಟಿತು. ಹಲಸಿನ ಮರ ನಮ್ಮ ಹೆಂಚಿನ ಕಡೆ ವಾಲಿತು. ಕೆಳಗೆ ಕೆಂಪು ಜಲ ಎದ್ದಿತು. ಪುಷ್ಯ, ಆಶ್ಲೇಷ ಇನ್ನೂ ಬಾಕಿ ಇವೆ.

ನಿಮ್ಮ ಕರಪತ್ರ ಹೇಳುತ್ತದೆ: ‘ಇಂಥ ಲಕ್ಷಣ ಕಂಡುಬಂದಲ್ಲಿ ತಕ್ಷಣ ಸಂಬಂಧಪಟ್ಟವರಿಗೆ ತಿಳಿಸಿ.’

ಸ್ವಾಮಿ, ಈ ಸಂಬಂಧಪಟ್ಟವರು ಯಾರು? ನಿನ್ನೆ ಇಡೀ ದಿನ ಹುಡುಕಿದೆ. ರಸ್ತೆಯವರ ಹತ್ತಿರ ಹೋದೆ, ಧರೆಯ ಮೇಲ್ಭಾಗ ಅರಣ್ಯದ್ದು ಎಂದರು. ಅರಣ್ಯದವರು, ಕಡಿದದ್ದು ರಸ್ತೆಯವರು ಎಂದರು. ಇಬ್ಬರು ಹೇಳಿದ್ದೂ ನಿಜ. ಕೊನೆಗೆ ಪರಿಹಾರದ ಕಚೇರಿಯಲ್ಲಿ ಮೂರು ಗಂಟೆ ನಿಂತು, ನನ್ನ ಸರದಿ ಬಂದಾಗ ನಡೆದ ಸಂಭಾಷಣೆ ಇಷ್ಟು:

‘ಮನೆ ಬಿದ್ದಿದೆಯೇನ್ರೀ?’

‘ಇಲ್ಲ ಸಾರ್, ಬೀಳೋ ಹಾಗಿದೆ.’

‘ಬೀಳೋ ಹಾಗಿರೋದಕ್ಕೆ ಫಾರಂ ಇಲ್ಲ. ಬಿದ್ದ ಮೇಲೆ ಬನ್ನಿ. ಜಿಪಿಎಸ್ ಫೋಟೊ ತನ್ನಿ.’

‘ನಾವು ಒಳಗಿದ್ದಾಗ ಬಿದ್ದರೆ ಫೋಟೊ ಯಾರು ತೆಗೀಬೇಕು?’

‘ಅದಕ್ಕೇ ಹೇಳೋದು, ಜಾಗ್ರತೆಯಾಗಿರಿ ಅಂತ.’

2019ರ ನೆರೆಯ ನಂತರ ನಮಗೆಲ್ಲ ಒಂದು ಹೊಸ ಅಕ್ಷರಮಾಲೆ ಬಾಯಿಪಾಠವಾಗಿದೆ. ಪೂರ್ತಿ ಬಿದ್ದ ಮನೆ ‘ಎ’, ಅರೆಬರೆ ಬಿದ್ದದ್ದು ‘ಬಿ’, ಸ್ವಲ್ಪ ಬಿದ್ದದ್ದು ‘ಸಿ’. ‘ಎ’ಗೆ ಆಗ 5 ಲಕ್ಷ ರೂಪಾಯಿ. ಇನ್ನೂ ಬೀಳದೆ ನಿಂತ ಮನೆಗೆ ಅಕ್ಷರವೇ ಇಲ್ಲ. ನಾವು ‘ಎ’ ಆಗುವವರೆಗೆ ಕಾಯಬೇಕು.

ಇಲ್ಲಿಂದ ಮುಂದೆ ತಮಾಷೆ ಮಾಡಲು ನನ್ನಿಂದಾಗುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ ಭೂವಿಜ್ಞಾನ ಸರ್ವೇಕ್ಷಣೆಯವರು ಬಂದು ನೋಡಿದರು. ಮಳೆಯ ಜೊತೆಗೆ, ರಸ್ತೆಗೂ ಮನೆಗೂ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣ ಎಂದರು. ಮರುವರ್ಷ ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ ಹೆದ್ದಾರಿಯ ಮೇಲೇ ಬಿತ್ತು. ಚಹಾ ಕುಡಿಯಲು ಲಾರಿ ನಿಲ್ಲಿಸಿದವರೂ, ಚಹಾ ಕೊಟ್ಟವರೂ ಹೋದರು. ಅವರ ಕಿಸೆಯಲ್ಲಿ ಸೀಟಿ ಇದ್ದಿದ್ದರೆ ಏನು ಮಾಡುತ್ತಿದ್ದರು, ಹೇಳಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಅಪಾಯದ ಜಾಗ ಗುರುತಿಸಿ, ಅನಾಹುತ ತಡೆಯುವ ಕ್ರಮ ಆಗುವಂತೆ ನೋಡಿಕೊಳ್ಳುವುದು ಜಿಲ್ಲಾ ಪ್ರಾಧಿಕಾರದ ಕೆಲಸ ಎಂದು ಬರೆದಿದೆ. ಮನೆಯವರು ಮಾಡಬೇಕಾದ್ದನ್ನು ಮನೆಯವರು ಮಾಡಿದ್ದಾರೆ. ಬಿರುಕಿಗೆ ಜೇಡಿ ತುಂಬಿ, ನೀರು ಇಳಿಯದಂತೆ ನೀಲಿ ಟಾರ್ಪಾಲು ಹೊದಿಸಿದ್ದೇನೆ. ಮೇಲಿನ ನೀರು ಪಕ್ಕಕ್ಕೆ ಹರಿಯಲು ಕಾಲುವೆ ತೋಡಿದ್ದೇನೆ. ಹಿಂದಿನ ಕೋಣೆ ಖಾಲಿ ಮಾಡಿ ಅಮ್ಮನನ್ನು ಜಗಲಿಗೆ ತಂದಿದ್ದೇವೆ. ಅರವತ್ಮೂರರ ಪ್ರಾಯದಲ್ಲಿ ತಡೆಗೋಡೆಯನ್ನೂ ನಾನೇ ಕಟ್ಟಬೇಕೆಂದಿದ್ದರೆ ಅದನ್ನೂ ಪಟ್ಟಿಯಲ್ಲಿ ಸೇರಿಸಿ. ಸೀಟಿಯ ಕೆಳಗೆ ಜಾಗ ಇದೆ.

ನಿನ್ನೆಯ ಒಂದು ಸಂಗತಿ ಒಪ್ಪಿಕೊಳ್ಳಬೇಕು. ‘ಬಿದ್ದ ಮೇಲೆ ಬನ್ನಿ’ ಎಂದು ಅವರು ತಲೆ ತಗ್ಗಿಸಿದಾಗ ಕಿಸೆಗೆ ಕೈ ಹಾಕಿದೆ. ಊದಿದೆ. ಪಟ್ಟಿಯಲ್ಲಿ ನೀವು ಬರೆದ ಅಷ್ಟೂ ಸಾಮಾನಿನಲ್ಲಿ ಕೆಲಸ ಮಾಡಿದ್ದು ಅದೊಂದೇ. ಇಡೀ ಕಚೇರಿ ತಲೆಯೆತ್ತಿತು, ಎರಡು ಗಂಟೆಯಿಂದ ಕಾಣದ ಜವಾನ ಪ್ರತ್ಯಕ್ಷನಾದ, ಹಿಂದೆ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ‘ಇನ್ನೊಂದು ಸಲ ಊದಪ್ಪ’ ಎಂದರು. ನನ್ನ ಅರ್ಜಿಗೆ ಮೊಹರು ಬಿತ್ತು. ‘ಸಂಬಂಧಪಟ್ಟವರಿಗೆ ಕಳಿಸಲಾಗಿದೆ’ ಎಂದಿದೆ ಅದರಲ್ಲಿ.

ಈಗ ಸೀಟಿ ಅಮ್ಮನ ದಿಂಬಿನ ಕೆಳಗಿದೆ. ನಡುರಾತ್ರಿ ಮಳೆ ಜೋರಾದರೆ ಒಮ್ಮೆ ಊದುತ್ತಾಳೆ. ನಾವು ದಡಬಡಿಸಿ ಎದ್ದು, ಟಾರ್ಚು ಹಿಡಿದು, ದಾಖಲೆಯ ಕವರು ಬಗಲಲ್ಲಿಟ್ಟು ಅಂಗಳಕ್ಕೆ ಓಡುತ್ತೇವೆ. ‘ಏನಿಲ್ಲ, ಕೆಲಸ ಮಾಡ್ತದಾ ನೋಡ್ದೆ’ ಅನ್ನುತ್ತಾಳೆ.

ಇತಿ,
ಧರೆಯ ಕೆಳಗಿನ ಮನೆಯವನು

ವಿ.ಸೂ.: ಸೋಮವಾರ ಮತ್ತೆ ಏಳರ ಬಸ್ಸಿಗೆ ಬರುತ್ತಿದ್ದೇನೆ. ಸೀಟಿ ತರುತ್ತೇನೆ. ಅಮ್ಮನೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ.