ಅಂಗಿಗೆಷ್ಟು ಅಂಕ?

ವಿಜಯಪುರದ ಬಿಸಿಲಿಗೆ ದ್ರಾಕ್ಷಿಯೇ ಒಣದ್ರಾಕ್ಷಿಯಾಗುವಾಗ ನನ್ನ ಗಂಟಲು ಯಾವ ಲೆಕ್ಕ? ಆ ಕಡೆಯ ವೈನರಿಯೊಂದಕ್ಕೆ ರುಚಿ ನೋಡಿ ಅಂಕ ಕೊಡಲು ಹೋಗಿದ್ದೆ. ಗಣಿತದಲ್ಲಿ 36 ದಾಟದವನಿಗೆ ಪರೀಕ್ಷಕನಾಗುವ ಭಾಗ್ಯ! ಜೊತೆಗೆ ದ್ರಾಕ್ಷಿ ಬೆಳೆಯುವ ನಮ್ಮ ಕಾಕಾ.

ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ಜನಪ್ರಿಯಗೊಳಿಸಿದ 100 ಅಂಕದ ಪದ್ಧತಿಯಲ್ಲಿ ಲೆಕ್ಕ ಶುರುವಾಗುವುದೇ 50ರಿಂದ. ಅಂದರೆ ಬಾಟಲಿಯ ಹಾಜರಿಗೇ 50! ನಮ್ಮ ಗಣಿತದ ಮೇಷ್ಟ್ರಿಗೆ ಇದು ತಿಳಿದಿದ್ದರೆ ನಾನೂ ಎಂಜಿನಿಯರ್ ಆಗಿರುತ್ತಿದ್ದೆ.

ಮೊದಲು ಬಂದದ್ದು ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್. "ಇದು ಡ್ರೈ" ಎಂದೆ.

"ಹೊಲಾನೂ ಒಣ, ದ್ರಾಕ್ಷೀನೂ ಒಣ, ಕುಡಿಯೂದೂ ಒಣ ಅಂದ್ರ ಹೆಂಗೋ?" ಎಂದರು ಕಾಕಾ.

ಹಣ್ಣಿನ ಸಕ್ಕರೆಯೆಲ್ಲ ಹುದುಗಿ ಆಲ್ಕೋಹಾಲ್ ಆದರೆ ಡ್ರೈ ಅನ್ನುತ್ತಾರೆಂದು, ಹಿಂದಿನ ರಾತ್ರಿಯಷ್ಟೇ ಓದಿದ್ದನ್ನು ಗಂಭೀರವಾಗಿ ಒಪ್ಪಿಸಿದೆ.

ಆಮೇಲೆ ಶಿರಾಜ್ ಎಂಬ ಕೆಂಪು ವೈನ್. ಸಿಪ್ಪೆಯ ಟ್ಯಾನಿನ್‌ಗೆ ನಾಲಿಗೆ ಎಳೆ ನೇರಳೆಹಣ್ಣು ತಿಂದ ಹಾಗೆ ಒಗರಾಯಿತು. "ತೊಯ್ದ ಕಲ್ಲಿನ ವಾಸನೆ" ಎಂದು ಬರೆದೆ. ಏಪ್ರಿಲ್‌ನ ವಿಜಯಪುರದಲ್ಲಿ ತೊಯ್ದ ಕಲ್ಲು ಯಾರು ಕಂಡಿದ್ದಾರೆ? ಮೂಗನ್ನು ಲೋಟದೊಳಗೆ ಇಳಿಸಿ ಇನ್ನೊಮ್ಮೆ ಮೂಸಿದೆ.

"ಹಳಸೇತೇನೋ ತಮ್ಮಾ?"

ರುಚಿ ನೋಡಿ ಉಗುಳಲು ಬಕೆಟ್ ಇಟ್ಟಿದ್ದರು. ಬಾಯಿಗಿಟ್ಟದ್ದನ್ನು ಉಗುಳಿದರೆ ಅಜ್ಜಿ ಬೈಯುತ್ತಿದ್ದ ಮನೆಯವನು ನಾನು, ನುಂಗಿದೆ. ಅಂಕಗಳು 78, 86, 94 ಎಂದು ಏರುತ್ತ ಹೋದವು. ಐದನೆಯದನ್ನು ಪರಿಣತನಂತೆ ಗರಗರ ತಿರುಗಿಸಿದೆ. ಅರ್ಧ ಹೊಟ್ಟೆಗೆ, ಇನ್ನರ್ಧ ಹೊಟ್ಟೆಯ ಮೇಲಿನ ಬಿಳಿ ಅಂಗಿಗೆ.

ಕಾಕಾ ನನ್ನ ಪೆನ್ನು ಕಸಿದುಕೊಂಡು ಕೇಳಿದರು: "ಈ ಅಂಗಿಗೆ ಎಷ್ಟ ಹಾಕ್ಲಿ?"