ಅಂಬಾಸಡರಿಗೆ ಪವರ್ ಸ್ಟೀರಿಂಗ್ ಯೋಗ

ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್ ಕಾರಿನ ಹಳೆಯ ಮಾದರಿಗಳಲ್ಲಿ ಪವರ್ ಸ್ಟೀರಿಂಗ್, ಅಂದರೆ ಚಕ್ರ ತಿರುಗಿಸುವವನ ತೋಳಿಗೆ ಯಂತ್ರವೇ ಕೈಜೋಡಿಸುವ ವ್ಯವಸ್ಥೆ, ಇರಲಿಲ್ಲವಾದ್ದರಿಂದ, ಇಕ್ಕಟ್ಟಿನ ಜಾಗದಲ್ಲಿ ಅದನ್ನು ನಿಲ್ಲಿಸುವ ಮಾಲೀಕನಿಗೆ ಗರಡಿಮನೆಯ ಖರ್ಚು ಉಳಿಯುತ್ತಿತ್ತು. ಈ ಉಳಿತಾಯ ಸಾಕೆನಿಸಿದವನು ಸಣ್ಣ ಕಾರೊಂದರ ವಿದ್ಯುತ್ ಮೋಟಾರುಳ್ಳ ಸ್ಟೀರಿಂಗ್ ದಂಡವನ್ನು ಗುಜರಿಯಿಂದ ತಂದರೆ, ಆ ಮೋಟಾರು ಎಳೆಯುವ ಕರೆಂಟನ್ನು ಹಳೆಯ ಡೈನಮೊ ಪೂರೈಸಲಾರದೆಂದು ಮೆಕ್ಯಾನಿಕ್ ಆಲ್ಟರ್ನೇಟರ್ ಸೂಚಿಸುತ್ತಾನೆ. ಅದಕ್ಕೆ ತಕ್ಕ ವೈರಿಂಗ್, ವೈರಿಂಗಿಗೆ ತಕ್ಕ ಬ್ಯಾಟರಿ ಎಂದು ಪಟ್ಟಿ ಮದುವೆಮನೆಯ ಜವಳಿಯಂತೆ ಬೆಳೆಯುತ್ತದೆ. ಕೊನೆಗೆ ಚಕ್ರ ಒಂದೇ ಬೆರಳಿಗೆ ತಿರುಗುತ್ತದೆ, ಆದರೆ ಅದಕ್ಕೂ ಮೊದಲೇ ಬಿಲ್ಲು ನೋಡಿ ಯಜಮಾನನ ತಲೆ ತಿರುಗಿರುತ್ತದೆ. ವೇಗ ಹೆಚ್ಚಿದಂತೆ ಮೋಟಾರಿನ ಈ ನೆರವು ತಗ್ಗಬೇಕು, ಇಲ್ಲವಾದರೆ ಹೆದ್ದಾರಿಯಲ್ಲಿ ಮಾಲೀಕ ಸೀನಿದರೂ ಕಾರು ಪಕ್ಕದ ಸಾಲಿಗೆ ದಾಟೀತು. ಇಷ್ಟಾದರೂ ಬ್ರೇಕು ಮಾತ್ರ ಹಳೆಯದೇ.