ತೇರಗಾಂವದ ಹಿತ್ತಲಲ್ಲಿ ಕಾಂಟೆಸ್ಸಾ ಎಬ್ಬಿಸುವ ಕ್ರಮ

ಉಪಯೋಗಿಸುವ ಮೊದಲು ಓದಿ

ಈ ಕೈಪಿಡಿ ಹಳಿಯಾಳ ತಾಲ್ಲೂಕಿನ ತೇರಗಾಂವದಂಥ ಊರಿನಲ್ಲಿ ಹಿತ್ತಲಿದ್ದು, ಕೈಯಲ್ಲಿ ದುಡ್ಡಿಲ್ಲದೆ, ತಲೆಗೆ ಹಳೆ ಕಾರಿನ ಹುಚ್ಚು ಹತ್ತಿಸಿಕೊಂಡವರಿಗಾಗಿ. ಮೂರರಲ್ಲಿ ಒಂದು ಕಡಿಮೆಯಿದ್ದರೂ ಪುಟ ತಿರುವಿ. ದುಡ್ಡಿದ್ದವರು ಕಾರನ್ನು ಬೆಂಗಳೂರಿನ ಯಾವುದಾದರೂ ಗ್ಯಾರೇಜಿನಲ್ಲಿ ಬಿಟ್ಟು ಬರಲಿ. ಅವರಿಗೆ ಕೈಪಿಡಿ ಯಾಕೆ, ಚೆಕ್‌ಬುಕ್ ಸಾಕು.

ಮಸಲ್ ಕಾರು ಅಂದರೆ ಅಮೆರಿಕದವರ ಲೆಕ್ಕದಲ್ಲಿ 1964ರ ಪಾಂಟಿಯಾಕ್ ಜಿಟಿಒ ಥರದ್ದು. ನಡುಗಾತ್ರದ ಮೈಯೊಳಗೆ 6.4 ಲೀಟರಿನ ವಿ8 ಎಂಜಿನ್ನು, 325 ಎಚ್‌ಪಿ. ಅಂಥದ್ದು ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ನಾಲ್ಕೂ ಕಡೆ ಹುಡುಕಿದರೆ ಚಪ್ಪಲಿ ಸವೆದೀತೇ ಹೊರತು ಕಾರು ಸಿಗದು. ನಮ್ಮ ದೇಶದಲ್ಲಿ ಆ ಗಾದಿಗೆ ಏರಿದ್ದು ಹಿಂದೂಸ್ತಾನ್ ಮೋಟರ್ಸ್‌ನವರ ಕಾಂಟೆಸ್ಸಾ. ಬ್ರಿಟನ್ನಿನಲ್ಲಿ 1978ಕ್ಕೇ ನಿಂತುಹೋದ ವಾಕ್ಸ್‌ಹಾಲ್ ವಿಎಕ್ಸ್ ಮಾದರಿಯ ಮೈಯನ್ನು ತಂದು ಕೋಲ್ಕತ್ತದ ಬಳಿಯ ಉತ್ತರಪಾರದಲ್ಲಿ 1984ರಿಂದ 2002ರವರೆಗೆ ತಯಾರಿಸಿದರು. ಉದ್ದನೆಯ ಮೂತಿ, ಚೌಕನೆಯ ಮೈ, ಎಂಜಿನ್ನು ಮುಂದೆ, ಎಳೆತವೆಲ್ಲ ಹಿಂದಿನ ಚಕ್ರಕ್ಕೆ. ನೋಡಲು ಪೈಲ್ವಾನನೇ. ಆದರೆ ಹಳಿಯಾಳದ ಕುಸ್ತಿ ಕಣ ನೋಡಿದವರಿಗೆ ಗೊತ್ತಿರುತ್ತದೆ, ಮೈ ನೋಡಿ ಪಟ್ಟು ಅಳೆಯಬಾರದು. ಮೊದಮೊದಲ ಕಾಂಟೆಸ್ಸಾಕ್ಕೆ ಹಾಕಿದ್ದು ಅಂಬಾಸಡರಿನದೇ 1489 ಸಿಸಿ ಎಂಜಿನ್ನು, ಸುಮಾರು 50 ಎಚ್‌ಪಿ. ನಿಮ್ಮ ಅಂಗಳದಲ್ಲಿ ನಿಂತಿರುವ ಟ್ರ್ಯಾಕ್ಟರಿನಷ್ಟೇ. ಆಮೇಲೆ ಬಂದ ಇಸುಝು 1.8 ಲೀಟರಿನ ಎಂಜಿನ್ನಿನಿಂದ ಅದಕ್ಕೆ ಸ್ವಲ್ಪ ಮರ್ಯಾದೆ ಬಂತು.

ಹಂತ 1: ಕಾರು ನೋಡುವುದು

ಮಾರುವವನು ಬಾನೆಟ್ ಎತ್ತಿ, "ಎಂಜಿನ್ ಸೀಲ್ ಐತ್ರಿ, ಮುಟ್ಟೇ ಇಲ್ಲ" ಅನ್ನುತ್ತಾನೆ. ತಲೆಯಾಡಿಸಿ, ಬಾನೆಟ್ ಮುಚ್ಚಿಸಿ. ಎಂಜಿನ್ನಿನ ಚಿಂತೆ ಬೇಡ. ಕಡಿಮೆ ಖರ್ಚಿನ ಗುಟ್ಟು ಏನಾದರೂ ಇದ್ದರೆ ಅದು ಇಲ್ಲಿದೆ: ಮೈ ನೋಡಿ ಕೊಳ್ಳಿ, ಎಂಜಿನ್ ನೋಡಿ ಕೊಳ್ಳಬೇಡಿ. 1489 ಸಿಸಿ ಎಂಜಿನ್ನು ಅಂಬಾಸಡರಿನದು. ಇಸುಝು 1.8 ಕೂಡ ಮುಂದೆ ಅಂಬಾಸಡರ್ 1800 ಐಎಸ್‌ಜಡ್‌ಗೆ ಬಂತು. ಅಂಬಾಸಡರ್ ತಯಾರಿ ನಿಂತದ್ದು 2014ರಲ್ಲಷ್ಟೇ. ಹಾಗಾಗಿ ಪಿಸ್ಟನ್ನು, ರಿಂಗು, ಗ್ಯಾಸ್ಕೆಟ್ಟು, ಬೇರಿಂಗು ಹುಬ್ಬಳ್ಳಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಸಿಕ್ಕಾವು, ಸಿಲಿಂಡರ್ ಬೋರ್ ಮಾಡಲು ಒಳ್ಳೆಯ ಲೇತ್ ಇದ್ದರಾಯಿತು. ಸಿಗದೇ ಇರುವುದು ಅದರ ಮೈಮೇಲಿನ ಒಡವೆ: ಮುಂದಿನ ಜಾಳಿ, ಹಿಂದಿನ ದೀಪದ ಗಾಜು, ಬಾಗಿಲ ಹಿಡಿಕೆ, ಗಾಜಿನ ಸುತ್ತಲಿನ ಬೀಡಿಂಗು. ಎಂಜಿನ್ ಇಲ್ಲದ ಆದರೆ ಒಡವೆ ಪೂರ್ತಿ ಇರುವ ಕಾರು, ಎಂಜಿನ್ ಗುಡುಗುವ ಆದರೆ ಬೋಳು ಮೂತಿಯ ಕಾರಿಗಿಂತ ಅಗ್ಗ. ಮಾರುವವನಿಗೆ ಇದು ಗೊತ್ತಿರುವುದಿಲ್ಲ. ಹೇಳಬೇಡಿ.

ಕಿಸೆಯಲ್ಲಿ ಒಂದು ಅಯಸ್ಕಾಂತ ಇರಲಿ. ಹಳೆಯ ಸ್ಪೀಕರಿನದಾದರೂ ನಡೆದೀತು. ಬಣ್ಣಕ್ಕೆ ಗೀರು ಬೀಳದಂತೆ ಅದಕ್ಕೆ ತೆಳ್ಳಗಿನ ಬಟ್ಟೆ ಸುತ್ತಿ. ಬಾಗಿಲಿನ ಕೆಳಗಿನ ಪಟ್ಟಿ, ಚಕ್ರದ ಮೇಲಿನ ಕಮಾನು, ಡಿಕ್ಕಿಯೊಳಗೆ ಸ್ಟೆಪ್ನಿ ಕೂರುವ ಗುಂಡಿ, ಹೀಗೆ ಒಂದೊಂದೇ ಕಡೆ ಹಚ್ಚುತ್ತ ಹೋಗಿ. ಪತ್ರಾ ಇದ್ದಲ್ಲಿ ಟಪ್ಪೆಂದು ಹಿಡಿಯುತ್ತದೆ. ಪುಟ್ಟಿ ತುಂಬಿದಲ್ಲಿ ಜಾರುತ್ತದೆ. ಜಾರಿದ ಕಡೆಯೆಲ್ಲ ಮಾರುವವನ ಮುಖ ನೋಡಿ; ಅವನು ಆಗ ಮಳೆ-ಬೆಳೆಯ ಮಾತು ತೆಗೆಯುತ್ತಾನೆ. ಕೊನೆಗೆ ಕಾಲಡಿಯ ಚಾಪೆ ಎತ್ತಿ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿ. ತುದಿ ಕೆಳಗಿಳಿದು ನೆಲ ಕಂಡರೆ ಆ ಕಾರಿನ ಬೆಲೆ ಗುಜರಿ ತಕ್ಕಡಿಯಲ್ಲಿ ತೂಗಿದಷ್ಟೇ. ಹಾಗೆ ಸಿಕ್ಕರೆ ಬಿಡಿಭಾಗಕ್ಕಾಗಿ ತನ್ನಿ. ಎಬ್ಬಿಸಲು ಇನ್ನೊಂದು ನೋಡಿ.

ಹಂತ 1ರ ಉಳಿದರ್ಧ, ಅಂದರೆ ಕಾಗದ

ಆರ್‌ಸಿ ಇಲ್ಲದ ಕಾಂಟೆಸ್ಸಾ ಎಷ್ಟೇ ಚಂದವಿದ್ದರೂ ಕೋಳಿಗೂಡೇ. ನಮ್ಮ ಕಡೆಯ ಆರ್‌ಟಿಒ ದಾಂಡೇಲಿಯಲ್ಲಿದೆ, ಕೆಎ-65. ಕಾರು ಬೇರೆ ಕಡೆಯ ನಂಬರಿನದಾದರೆ ಅಲ್ಲಿಂದ ಎನ್‌ಒಸಿ ಬೇಕು, ಅದು ಫಾರ್ಮ್ 28. ಹೆಸರು ಬದಲಿಸಲು 29 ಮತ್ತು 30. ಬ್ಯಾಂಕಿನ ಸಾಲ ಆರ್‌ಸಿಯಲ್ಲಿ ಇನ್ನೂ ಕೂತಿದೆಯೇ ನೋಡಿ. ಸಾಲ ಮಾಡಿದವರು ತೀರಿಹೋಗಿ, ಸಾಲ ತೀರಿಯೂ, ಬ್ಯಾಂಕಿನ ಹೆಸರು ಮಾತ್ರ ಕಾಗದದಲ್ಲಿ ಹಾಗೇ ಉಳಿದಿರುವುದುಂಟು. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇತ್ತು, ಆಗ 5,000 ಆಯಿತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000. ತಡ ಮಾಡಿದ್ದಕ್ಕೆ ತಿಂಗಳಿಗೆ 500 ಬೇರೆ. ಆದ್ದರಿಂದ ನವೀಕರಣ ಯಾವಾಗ ತಪ್ಪಿತು ಅನ್ನುವುದನ್ನು ನೋಡಿಯೇ ಚೌಕಾಸಿಗೆ ಕೂರಿ.

ಹಂತ 2: ಮನೆಗೆ ತರುವುದು

ಟ್ರ್ಯಾಕ್ಟರಿಗೆ ಟೋಚನ್ ಹಾಕಿ ಎಳೆದು ತರಬೇಡಿ. ಬ್ರೇಕ್ ಇಲ್ಲದ ಟನ್ನಿಗೂ ಮೇಲಿನ ಕಬ್ಬಿಣ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ಹಾಯುತ್ತದೆ. ಲಾರಿಗೆ ಏರಿಸಿ ತನ್ನಿ. ಸಂಜೆ ಕತ್ತಲಾದ ಮೇಲೆ ತಂದರೆ ಒಳ್ಳೆಯದು. ಹಾಗೆ ತಂದರೂ ಬೆಳಗಾಗುವಷ್ಟರಲ್ಲಿ ಊರ ಕಾಕಾಗಳು ಸುತ್ತ ನಿಂತು "ಎಷ್ಟಕ್ಕ ತಂದಿ ತಮ್ಮಾ?" ಎಂದು ಕೇಳುತ್ತಾರೆ. ಕೊಟ್ಟದ್ದರ ಅರ್ಧ ಹೇಳಿ. ಅವರು ಆಗಲೂ "ಮೋಸ ಹೋದಿ" ಅನ್ನುತ್ತಾರೆ. ಮನೆಯಲ್ಲಿ ಅವ್ವ ಕೇಳುವುದು ಬೇರೆ: "ಅದರಾಗ ಹೊಟ್ಟು ತುಂಬಿಡ್ಲೇನು?" ಈ ಪ್ರಶ್ನೆಗೆ ಉತ್ತರ ಕೊಡುವುದು ತಡವಾದಷ್ಟೂ ಹೊಟ್ಟು ಒಳಗೆ ಹೋಗುವ ಸಾಧ್ಯತೆ ಹೆಚ್ಚು. ಹೊಟ್ಟು ಹೋದರೆ ಇಲಿ ಬರುತ್ತದೆ, ಇಲಿ ಬಂದರೆ ವೈರಿಂಗ್ ಹೋಗುತ್ತದೆ.

ಮೃಗಶಿರೆಯ ಮಳೆಗೆ ಮುಂಚೆ ಮೇಲೆ ಶೀಟು ಬೀಳಬೇಕು. ತಾಡಪತ್ರಿಯನ್ನು ಕಾರಿನ ಮೈಗೇ ಸುತ್ತಿ ಕಟ್ಟಿದರೆ ಒಳಗಿನ ತೇವ ಹೊರಹೋಗದೆ ಜಂಗು ದುಪ್ಪಟ್ಟಾಗುತ್ತದೆ. ನಾಲ್ಕು ಕಂಬ ನೆಟ್ಟು ಎತ್ತರದಲ್ಲಿ ಕಟ್ಟಿ, ಸುತ್ತ ಗಾಳಿಯಾಡಲಿ.

ಎಚ್ಚರಿಕೆ (ಇದೊಂದು ಭಾಗದಲ್ಲಿ ತಮಾಷೆ ಇಲ್ಲ): ಬರೀ ಜಾಕ್ ನಂಬಿ ಕಾರಿನ ಅಡಿ ಮಲಗಬೇಡಿ. ಸಿಮೆಂಟಿನ ಪೊಳ್ಳು ಇಟ್ಟಿಗೆಯೂ ಬೇಡ, ಭಾರಕ್ಕೆ ಒಮ್ಮೆಲೇ ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ಕೊಳ್ಳಿ. ಈ ಕೈಪಿಡಿಯಲ್ಲಿ ಹೊಸದಾಗಿ ಕೊಳ್ಳಲೇಬೇಕು ಅಂತ ಹೇಳುವ ಮೊದಲ ಸಾಮಾನು ಅದು. ಮರದ ದಿಮ್ಮಿ ಇಡುವುದಾದರೆ ಸಾಗವಾನಿ ಮಾತ್ರ ಬೇಡ. (ತಮಾಷೆ ಮತ್ತೆ ಶುರು.) ದಿಮ್ಮಿ ಎಲ್ಲಿಂದ ಬಂತು ಎಂದು ಅರಣ್ಯ ಇಲಾಖೆಗೆ ಉತ್ತರಿಸುವುದು ಕಾರು ಎತ್ತುವುದಕ್ಕಿಂತ ಭಾರ.

ಹಂತ 3: ಜಂಗು, ಕಾಕಂಬಿ ಮತ್ತು ನೆರೆಹೊರೆ

ಹೊರದೇಶದ ಹವ್ಯಾಸಿಗಳು ಅಂಚೆಯಲ್ಲಿ ತರಿಸಿಕೊಳ್ಳುವ ಜಂಗು ತೆಗೆಯುವ ಮದ್ದು ಕಬ್ಬಿನ ಸೀಮೆಯ ನಮಗೆ ದನದ ಮೇವಿನ ಜೊತೆಗೇ ಸಿಗುತ್ತದೆ. ಅದೇ ಕಾಕಂಬಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ. ಬ್ರಾಕೆಟ್ಟು, ಬಾಗಿಲಿನ ಕೀಲು, ಸ್ಪ್ರಿಂಗು, ಬೋಲ್ಟು ಇಂಥವನ್ನು ಗ್ರೀಸ್ ಒರೆಸಿ ಪೂರ್ತಿ ಮುಳುಗಿಸಿ. ಅರ್ಧ ಮುಳುಗಿದರೆ ನೀರಿನ ಗೆರೆಯಲ್ಲಿ ಹೊಸ ಜಂಗು ಕಚ್ಚುತ್ತದೆ. ಎರಡು ವಾರ ಬಿಡಿ. ಆಮ್ಲ ಹಾಕಿದರೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಕಾಕಂಬಿ ಹಾಗಲ್ಲ, ಜಂಗಿನ ಕಬ್ಬಿಣವನ್ನಷ್ಟೇ ಹಿಡಿದು ಬಿಡಿಸುತ್ತದೆ. ಅಲ್ಯೂಮಿನಿಯಂ, ಸತು, ಕ್ರೋಮಿಯಂ ಲೇಪ ಇದ್ದದ್ದನ್ನು ಮಾತ್ರ ಡ್ರಮ್ಮಿನ ಹತ್ತಿರಕ್ಕೂ ತರಬೇಡಿ. ಹೊರತೆಗೆದಾಗ ಕಪ್ಪು ಕೆಸರು ಮೆತ್ತಿರುತ್ತದೆ. ನೀರು ಹೊಡೆದು ತೊಳೆದರೆ ಕಾರ್ಖಾನೆಯಿಂದ ಬಂದ ದಿನದ ಬೂದು ಬಣ್ಣದ ಲೋಹ ಕಾಣುತ್ತದೆ. ನೋಡುತ್ತ ನಿಲ್ಲಬೇಡಿ, ಕೂಡಲೇ ಒಣಗಿಸಿ ಎಣ್ಣೆ ಸವರಿ. ನೀವು ಒಂದು ಕಪ್ ಚಹಾ ಕುಡಿದು ಬರುವಷ್ಟರಲ್ಲಿ ಅದಕ್ಕೆ ಮತ್ತೆ ಕೆಂಪು ಏರಿರುತ್ತದೆ.

ಇದರ ಅಡ್ಡ ಪರಿಣಾಮ ಎರಡು. ಕಾಕಂಬಿ ಹುಳಿಬಂದು ನೊರೆಯೇಳುತ್ತದೆ, ಓಣಿಯಲ್ಲೆಲ್ಲ ಒಂದು ಬಗೆಯ ವಾಸನೆ. ಕಾಕಂಬಿಯ ಮೇಲೆ ಅಬಕಾರಿ ಇಲಾಖೆಯ ಕಣ್ಣಿರುವುದು ಯಾಕೆಂದು ಗೊತ್ತಿರುವವರು ನಿಮ್ಮ ಹಿತ್ತಲಿನ ಬಗ್ಗೆ ಬೇರೆಯೇ ಊಹೆ ಮಾಡುತ್ತಾರೆ. ಡ್ರಮ್ಮಿನೊಳಗಿನ ಸ್ಪ್ರಿಂಗ್ ಎತ್ತಿ ತೋರಿಸಿ. ನಂಬಲಿಕ್ಕಿಲ್ಲ, ಆದರೂ ತೋರಿಸಿ. ಎರಡನೆಯದು ಇರುವೆ.

ಹಂತ 4: ಹಿಡಿದುಕೊಂಡ ಎಂಜಿನ್ನು

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಹಚ್ಚಿ ಚಾವಿ ತಿರುವುವುದು, ನಾಲ್ಕು ಹುಡುಗರನ್ನು ಕರೆದು ತಳ್ಳಿಸುವುದು ಎರಡೂ ನಿಷಿದ್ಧ. ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ. ಡೀಸೆಲ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆ ಸಮಸಮ ಕಲಸಿ ಒಂದೊಂದು ಸಿಲಿಂಡರಿಗೂ ಸ್ವಲ್ಪ ಸ್ವಲ್ಪ ಬಿಟ್ಟು ಮರೆತುಬಿಡಿ. ವಾರದ ಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದನೆಯ ಪಾನಾ ಹಾಕಿ ಒಂದು ಕೂದಲೆಳೆ ಮುಂದೆ, ಒಂದು ಕೂದಲೆಳೆ ಹಿಂದೆ ಅಲುಗಿಸಿ. ಪಾನಾಕ್ಕೆ ಪೈಪು ಸೇರಿಸಿ ಜೋತುಬೀಳುವ ಮಿಸ್ತ್ರಿಯನ್ನು ಚಹಾ ಕೊಟ್ಟು ಕಳಿಸಿ. ಎಂಜಿನ್ನು ಬಿಟ್ಟುಕೊಟ್ಟ ಮೇಲೂ ಪ್ಲಗ್ ಹಾಕದೆಯೇ ನಾಲ್ಕಾರು ಸುತ್ತು ತಿರುಗಿಸಿ, ಒಳಗಿನ ಎಣ್ಣೆ ಹೊರಗೆ ಹಾರಲಿ, ನಿಮ್ಮ ಅಂಗಿಯ ಮೇಲೆ. ಆಮೇಲೆ ಕಂಪ್ರೆಶನ್ ಅಳೆಯಿರಿ. ನಾಲ್ಕೂ ಸಿಲಿಂಡರಿನ ನಡುವಿನ ಹೆಚ್ಚುಕಡಿಮೆ ನೂರಕ್ಕೆ ಹತ್ತರೊಳಗೇ ಇದ್ದರೆ ಲೇತಿನ ಖರ್ಚು ಉಳಿಯಿತು.

ಟ್ಯಾಂಕಿನ ಹಳೆ ಪೆಟ್ರೋಲು ಚೆಲ್ಲಿ, ತೊಳೆದು, ರಬ್ಬರಿನ ಪೈಪೆಲ್ಲ ಹೊಸದು ಹಾಕಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲ್. ಹಳೆ ಕಾಲದ ರಬ್ಬರು ಅದಕ್ಕೆ ಉಬ್ಬಿ ಬಿರಿಯುತ್ತದೆ. ಎಥನಾಲ್ ತಡೆಯುವ ಪೈಪೇ ಕೇಳಿ ತೆಗೆದುಕೊಳ್ಳಿ. ಅಂದರೆ ನೀವೇ ಬೆಳೆದ ಕಬ್ಬು ಒಂದು ಕಡೆ ನಿಮ್ಮ ಕಾರಿನ ಜಂಗು ಬಿಡಿಸುತ್ತದೆ, ಇನ್ನೊಂದು ಕಡೆ ಪೈಪು ತಿನ್ನುತ್ತದೆ.

ಹಂತ 5 ಮತ್ತು ಬಣ್ಣ

ಎಂಜಿನ್ ಸದ್ದು ಮಾಡಿದ ದಿನ ಊರಿಗೆಲ್ಲ ಪೇಡೆ ಹಂಚುವ ಆಸೆಯಾಗುತ್ತದೆ. ಹಂಚಿ, ಆದರೆ ಗೇರ್ ಹಾಕಬೇಡಿ. ಓಡುವುದಕ್ಕೆ ಮೊದಲು ನಿಲ್ಲಬೇಕು: ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಬ್ರೇಕ್ ಹೋಸು, ಎಣ್ಣೆ ಎಲ್ಲ ಹೊಸದು. ಇಲ್ಲಿ ಉಳಿತಾಯ ಮಾಡುವವರಿಗೆ ಈ ಕೈಪಿಡಿ ಜವಾಬ್ದಾರಿಯಲ್ಲ. ಬ್ರೇಕ್ ಎಣ್ಣೆ ತಾಗಿದಲ್ಲಿ ಬಣ್ಣ ಕಿತ್ತುಬರುತ್ತದೆ. ಬಣ್ಣ ಕಟ್ಟಕಡೆಗೆ ಅನ್ನುವುದಕ್ಕೆ ಅದೂ ಒಂದು ಕಾರಣ. ಮನೆಯವರು, ನೆಂಟರು, ದಾರಿಹೋಕರು ಎಲ್ಲರೂ "ಮೊದಲ ಬಣ್ಣ ಹೊಡಸ್ರಿ, ಚಂದ ಕಾಣ್ತೈತಿ" ಅನ್ನುತ್ತಾರೆ. ಕೇಳಿದರೆ ಹೊಳೆಯುವ, ಆದರೆ ಅಲುಗದ ಒಂದು ಕಾರು ಹಿತ್ತಲಲ್ಲಿ ಖಾಯಂ ಆಗುತ್ತದೆ.

ಬಣ್ಣಕ್ಕೆ ದುಡ್ಡು ಕೂಡುವವರೆಗೆ ಎಷ್ಟು ವರ್ಷ ಬೇಕಾದರೂ ತೆಗೆದುಕೊಳ್ಳಿ, ಆದರೆ ಒಂದು ಲೆಕ್ಕ ನೆನಪಿರಲಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಕ್ಷರ, ಹತ್ತು ವರ್ಷದ ಅವಧಿ. 1984ರ ಕಾಂಟೆಸ್ಸಾಕ್ಕೆ ಆ ಯೋಗ ಬರುವುದು 2034ಕ್ಕೆ. ಆದರೆ ಆ ಫಲಕ ಹಾಕಿದ ಕಾರು ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲಿಗೆ ಮಾತ್ರ ರಸ್ತೆಗಿಳಿಯಬಹುದು, ದಿನಬಳಕೆಗಲ್ಲ. ಹಾಗಾಗಿ ಅವ್ವನನ್ನು ಹಳಿಯಾಳದ ಸಂತೆಗೆ ಕಾಂಟೆಸ್ಸಾದಲ್ಲಿ ಕರೆದೊಯ್ಯುವ ವಿಚಾರವಿದ್ದರೆ ಆ ಫಲಕಕ್ಕೆ ಅರ್ಜಿ ಹಾಕುವ ಮುಂಚೆಯೇ ಕರೆದೊಯ್ಯಿರಿ. ಹಿಂದಿನ ಸೀಟಿನ ಹೊಟ್ಟು ಮೊದಲು ಗುಡಿಸಿ.